ಹುಸೇನಸಾಬರ ಎರಡು ತೇಪೆ

ಹುಸೇನಸಾಬರು ಹಾಡು ಕೇಳುವಾಗ ಸ್ಪೀಕರಿನ ಕಾಗದದ ಮೇಲೆ ಅಂಗೈಯನ್ನು ಹಗುರಾಗಿ ಇಟ್ಟು ಕಣ್ಣು ಮುಚ್ಚುತ್ತಿದ್ದರು, ಮಗುವಿಗೆ ಜ್ವರ ಇದೆಯೇ ಎಂದು ತಾಯಿ ನೋಡುವ ಹಾಗೆ. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಅವರ ರೇಡಿಯೊ ರಿಪೇರಿ ಅಂಗಡಿ. ಮನೆಗೆ ದೊಡ್ಡ ಆಂಪ್ಲಿಫೈಯರ್ ಬೇಕೆಂದು ಬಂದವರಿಗೆ ಮೊದಲು ಬೈಗುಳ.

"ಪಡಸಾಲಿ ಎಷ್ಟ ಉದ್ದ ಐತಿ? ಕುಂತು ಕೇಳಾವ್ರು ಎಷ್ಟ ಮಂದಿ? ಅದನ್ನ ಹೇಳ್ರಿ ಮೊದ್ಲ. ಒಂದ ತತ್ರಾಣಿ ನೀರ ತುಂಬಾಕ ಕೆರಿ ಕೋಡಿ ಒಡೀತಾರೇನ್ರಿ?"

ಬಬಲೇಶ್ವರದ ನಮ್ಮ ಮನೆಗೆ ಕರೆಂಟು ಬಂದ ಹೊಸತರಲ್ಲಿ ಅವರೇ ಬಂದು, ಪಡಸಾಲೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, "ನಾಲ್ಕ ವ್ಯಾಟ್ ಸಾಕು. ಈ ಸ್ಪೀಕರೂ ಅಷ್ಟಕ್ಕ ತಕ್ಕದ್ದು" ಎಂದು ತೀರ್ಪು ಕೊಟ್ಟಿದ್ದರಂತೆ. ಆಗಿನ್ನೂ ನಾನು ಸೊಸೆಯಾಗಿ ಬಂದಿರಲಿಲ್ಲ. ಅರವತ್ತರ ದಶಕದ ನಡುವೆ ಬಂದಾಗ, ನಿವೃತ್ತ ಹೆಡ್‌ಮಾಸ್ತರರಾದ ನನ್ನ ಮಾವ ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್, ಸ್ಪೀಕರುಗಳನ್ನು ಜೋಡಿಸುವುದನ್ನು ನನಗೆ ಕಲಿಸಿದರು. ಸ್ವಂತ ಮಕ್ಕಳಿಗೂ ಅವನ್ನು ಮುಟ್ಟಲು ಅಪ್ಪಣೆ ಇರಲಿಲ್ಲ.

"ನಿನ್ನೆ ಬಂದಾಕಿ ಕೈಯಾಗ ಕೊಟ್ಟೀರಿ. ಕೆಡಿಸಿದ್ರ ಗೊತ್ತಾಕ್ಕತಿ" ಎಂದು ಅತ್ತೆ ಮೂಗು ಮುರಿದರು. ಆ ಮನೆಯಲ್ಲಿ ನನ್ನನ್ನು ನಂಬಿದವರು ಮಾವ ಒಬ್ಬರೇ ಎಂದು ನನಗೆ ಅನ್ನಿಸುತ್ತಿತ್ತು.

ಅತ್ತೆ ಮಾವ ಇಬ್ಬರೂ ಮದುವೆಗೆಂದು ತಿಕೋಟಾಕ್ಕೆ ಹೋದಾಗ ನಾನು ಕೆಡಿಸಿಯೇಬಿಟ್ಟೆ. ಓಣಿಯ ಹೆಂಗಸರು ನಮ್ಮ ಮಾಳಿಗೆಯ ಮೇಲೆ ಹಪ್ಪಳ ಹಾಕುತ್ತಿದ್ದರು. ಕೆಳಗಿನ ಹಾಡು ಮೇಲಕ್ಕೆ ಕೇಳುತ್ತಿರಲಿಲ್ಲ. ಮದುವೆಗಳಿಗೆ ಮೈಕು ಹಾಕುವ ಪಕ್ಕದ ಮನೆಯ ಮಲ್ಲಪ್ಪನ ಮೂವತ್ತು ವ್ಯಾಟಿನ ಆಂಪ್ಲಿಫೈಯರ್ ತರಿಸಿ, ನಮ್ಮ ಸ್ಪೀಕರಿಗೆ ಜೋಡಿಸಿ ಗುಂಡಿ ತಿರುಗಿಸಿದೆ. ಒಂದೂವರೆ ಹಾಡಿನ ತನಕ ನಾನೇ ರಾಣಿ. ಆಮೇಲೆ ಸೀರೆ ಹರಿದಂಥ ಸದ್ದು. ಸ್ಪೀಕರಿನ ಕಾಗದ ಬೆರಳುದ್ದ ಸೀಳಿತ್ತು.

ಮರುದಿನ ಸ್ಪೀಕರಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿ ವಿಜಾಪುರಕ್ಕೆ ಹೋದೆ. ಹುಸೇನಸಾಬರು ಹರಕನ್ನು ಮುಟ್ಟಿ ನೋಡಿ, "ಯಾರ ಮನಿ ಲಗ್ನ ಇತ್ತವ್ವಾ?" ಎಂದರು. ನಾನು ಅತ್ತೇಬಿಟ್ಟೆ. ಮಾವನವರಿಗೆ ಮಾತ್ರ ಹೇಳಬೇಡಿ ಎಂದು ಕೈಮುಗಿದೆ.

"ಅಳಬ್ಯಾಡಬೇ. ಇಲ್ನೋಡು." ಸ್ಪೀಕರನ್ನು ಪೆಟ್ಟಿಗೆಯಿಂದ ಬಿಚ್ಚಿ ಮಗುಚಿದರು. ಹರಕಿನ ಪಕ್ಕದಲ್ಲೇ ಗಾಳಿಪಟದ ಹಳದಿ ಕಾಗದದ ಹಳೆಯ ತೇಪೆಯೊಂದಿತ್ತು. "ನಿನ್ನಕಿಂತ ಮೊದ್ಲ ಒಬ್ರು ಇಂಥಾದ್ದ ಕೆಲಸ ಮಾಡ್ಯಾರ. ಆದ್ರೂ ಹಾಡಾಕತ್ತಿತ್ತಲ್ಲ?"

ಯಾರು ಎಂದು ಕೇಳಿದೆ. ಅವರು ಕೇಳಿಸದವರಂತೆ ಅಂಟು ಕಲಸುತ್ತ ಕುಳಿತರು. ನೀಲಿ ಕಾಗದದ ತೇಪೆ ಹಚ್ಚಿ, ಒಣಗಿದ ಮೇಲೆ ಅಂಗೈ ಇಟ್ಟು ಒಂದು ಹಾಡು ಪೂರ್ತಿ ಕೇಳಿ, ನನ್ನನ್ನು ಬಸ್ಸಿಗೆ ಕಳಿಸಿದರು.

ಮಾವ ಊರಿಂದ ಬಂದ ಸಂಜೆಯೇ ರೆಕಾರ್ಡ್ ಹಚ್ಚಿಸಿದರು. ಕೊನೆಯವರೆಗೂ ತಲೆದೂಗಿದರು. ಅವರಿಗೆ ಏನೂ ಗೊತ್ತಾಗಲಿಲ್ಲ. ನಂಬಿದವರ ಎದುರು ಹಾಗೆ ಕುಳಿತಿರುವುದು ನನ್ನಿಂದ ಆಗಲಿಲ್ಲ. ಅತ್ತೆಯ ಎದುರಿಗೇ ಎಲ್ಲ ಹೇಳಿಬಿಟ್ಟೆ, ಹಳದಿ ತೇಪೆಯ ಸಂಗತಿಯನ್ನೂ.

ಮಾವನ ಮುಖ ಕೆಂಪಾಯಿತು. ನನ್ನ ಕೈಯಿಂದ ಎಲ್ಲ ಹೋಯಿತು ಅಂದುಕೊಂಡೆ.

"ಆ ಹಳದಿ ತ್ಯಾಪಿ ಯಾರದಂತ ಹೇಳ್ಲಿಲ್ಲೇನು ಅಂವಾ?"

"ಇಲ್ರಿ."

"ಅದು ನಂದ ಐತವ್ವಾ," ಎಂದರು ಮೆಲ್ಲಗೆ. "ನಾಲ್ಕ ವ್ಯಾಟ್ ಸಾಲೂದಿಲ್ಲಂತ ನಾನೂ ಮಲ್ಲಪ್ಪನ ಮಷೀನ ಹಚ್ಚಿದ್ದೆ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಮನೆ ನನ್ನದೂ ಅಂತ ಮೊದಲ ಸಲ ಅನ್ನಿಸಿದ್ದು ಅವತ್ತು.

ಕೆಲವು ವರ್ಷಗಳ ನಂತರ, ಹುಸೇನಸಾಬರು ಅಂಗಡಿ ಮುಚ್ಚಿ ಸೊಲ್ಲಾಪುರದ ಮಗಳ ಮನೆಗೆ ಹೊರಟಿದ್ದಾರೆಂದು ತಿಳಿದು ನೋಡಲು ಹೋದೆ. ಅವರನ್ನು ಕಂಡದ್ದು ಅದೇ ಕೊನೆ. ಕಪಾಟುಗಳೆಲ್ಲ ಬರಿದಾಗಿದ್ದವು. ಅವತ್ತು ಮಾವನ ಹೆಸರು ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲವಲ್ಲ ಎಂದೆ.

"ಹೇಳಬ್ಯಾಡ ಅಂತ ಅವ್ರೂ ಕೈಮುಗ್ದಿದ್ರು, ನೀನೂ ಮುಗ್ದಿ. ನಾ ಹೆಂಗ ಹೇಳ್ಲಿ?" ಎಂದು ನಕ್ಕರು. "ಅದಕ್ಕ ಎರಡೂ ತ್ಯಾಪಿ ಒಂದರ ಬಾಜೂಕ ಒಂದು ಇಟ್ಟು, ನಿಮ್ಮ ಮನಿಗೆ ಕಳಿಸಿದ್ನಿ."