ಅಂಚಿನ ಬೆಳ್ಳಿ

ಇಪ್ಪತ್ತೆರಡು ವರ್ಷದಿಂದ ಕಾಲೇಜಿನ ಪ್ರಯೋಗಾಲಯದಲ್ಲಿ ಪುಡಿ ಅರೆಯುತ್ತಿದ್ದವಳಿಗೆ ಎಲ್ಲರೂ ಇಟ್ಟ ಹೆಸರು ಪುಡಿಯಮ್ಮ. ನಿಕಲ್ ಪುಡಿಯನ್ನು ಪಿಂಗಾಣಿ ಪುಡಿಯೊಂದಿಗೆ ಅರೆದು, ನಾಣ್ಯದಗಲದ ಬಿಲ್ಲೆ ಒತ್ತಿ, ಕುಲುಮೆಯಲ್ಲಿ ಸುಟ್ಟು, ಎರಡೂ ಮುಖಕ್ಕೆ ಬೆಳ್ಳಿ ಬಳಿದು ಮೀಟರಿಗೆ ಸಿಕ್ಕಿಸುವುದು ಅವಳ ಕೆಲಸ.

"ಅರೆದಿದ್ದೇ ಬಂತು ಅತ್ತಿಗೆ, ಒಂದು ದಿನಾನೂ ತಿನ್ನೋಂಥದ್ದು ಅರೀಲಿಲ್ಲ" ಎಂದು ನಾದಿನಿ ರೇಗಿಸುತ್ತಿದ್ದಳು.

ವಿದ್ಯುತ್ತಿಗೆ ಒಂದು ವಸ್ತು ಹೇಗೆ ಸ್ಪಂದಿಸುತ್ತದೆ ಎಂದು ಹೇಳುವ ಅಂಕಿ ಪರ್ಮಿಟಿವಿಟಿ. ಅದು ಸಾಮಾನ್ಯವಾಗಿ ಸೊನ್ನೆಯ ಮೇಲೇ ಇರುತ್ತದೆ. ಬಿಲ್ಲೆಯೊಳಗೆ ಲೋಹದ ಕಣಗಳು ಒಂದಕ್ಕೊಂದು ತಾಗಿ ದಾರಿ ಕಟ್ಟಿಕೊಂಡರೆ ಸೊನ್ನೆಯ ಕೆಳಗಿಳಿಯಲೂಬಹುದು. ಪ್ರೊಫೆಸರರಿಗೆ ಬೇಕಾದದ್ದು ಆ ಮೈನಸ್. ಎರಡು ವರ್ಷ ಅದು ಕೈಗೆ ಸಿಗಲಿಲ್ಲ. ಈ ಸಲ, ನಿಕಲ್ ತೀರಾ ಕಡಿಮೆ ಇದ್ದರೂ, ಹನ್ನೆರಡಕ್ಕೆ ಹನ್ನೆರಡು ಬಿಲ್ಲೆಯೂ ಮೈನಸ್! ಪ್ರಬಂಧದ ಕರಡಿನಲ್ಲಿ ಕೊನೆಯದಾಗಿ ಅವಳ ಹೆಸರನ್ನೂ ಸೇರಿಸಿದ್ದರು. ಅಚ್ಚಾದರೆ ಚೌಕಟ್ಟು ಹಾಕಿಸುತ್ತೇನೆಂದು ನಾದಿನಿ ಗೋಡೆಯಲ್ಲಿ ಜಾಗ ನೋಡಿಟ್ಟಿದ್ದಳು.

ಪ್ರಬಂಧ ಕಳಿಸುವ ದಿನ ಬೆಳಿಗ್ಗೆ ಬಿಲ್ಲೆಗಳನ್ನು ಡಬ್ಬಿಗೆ ಹಾಕುವಾಗ ಒಂದರ ಅಂಚು ಕಿಟಕಿಯ ಬೆಳಕಿಗೆ ಮಿನುಗಿತು. ಮೇಲಿನ ಮುಖದಿಂದ ಕೆಳಗಿನ ಮುಖಕ್ಕೆ ಇಳಿದಿತ್ತು ಬೆಳ್ಳಿಯ ಒಂದು ಎಳೆ. ಅಂಚಿನಲ್ಲಿ ಬೆಳ್ಳಿ ಸೇತುವೆ ಕಟ್ಟಿದರೆ ಮೀಟರು ಬಿಲ್ಲೆಯನ್ನು ಬಿಟ್ಟು ತನ್ನ ತಂತಿಯನ್ನೇ ಅಳೆದು ಸುಳ್ಳು ಮೈನಸ್ ತೋರಿಸುತ್ತದೆ. ಬಳಿದ ಮೇಲೆ ಅಂಚನ್ನು ಮರಳು ಕಾಗದದಿಂದ ಉಜ್ಜುವುದು ಅವಳದೇ ರೂಢಿ. ಮಣಿಕಟ್ಟು ನೋವೆಂದು ಈ ಸಲ ಬಿಟ್ಟಿದ್ದಳು.

ಉಜ್ಜಿ ಅಳೆದಳು. ಪ್ಲಸ್.

ಯಾರೂ ನೋಡಿರಲಿಲ್ಲ. ಸುಮ್ಮನೆ ಡಬ್ಬಿ ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಅವಳು ಆ ಬಿಲ್ಲೆಯನ್ನು ಮೀಟರಿನಲ್ಲೇ ಬಿಟ್ಟಳು. ಪ್ರೊಫೆಸರರು ಬರುತ್ತಲೇ ಹೇಳಿಬಿಟ್ಟಳು.

"ಅಂಚು ಉಜ್ಜೋಕೆ ನಿಮಗೆ ಯಾರು ಹೇಳಿದ್ದು?" ಅವರ ಮುಖ ಕೆಂಪಾಯಿತು.

"ಉಜ್ಜದೇ ಇದ್ದದ್ದೇ ನನ್ನ ತಪ್ಪು, ಸಾರ್."

"ಒಂದು ಕೆಟ್ಟಿರಬಹುದು. ಉಳಿದ ಹನ್ನೊಂದು ಸರಿಯಾಗೇ ಇರುತ್ತೆ."

"ಹಂಗಿದ್ರೆ ಅವನ್ನೂ ಉಜ್ಜಿ ನೋಡೋಣ."

"ಪುಡಿಯಮ್ಮಾ, ನಿಮ್ಮ ಹೆಸರೂ ಹೋಗುತ್ತೆ. ಗೊತ್ತು ತಾನೆ?"

"ಮನೇನೇ ಬಿದ್ದಮೇಲೆ ಬಾಗಿಲ ಮೇಲಿನ ಹೆಸರು ಇಟ್ಕೊಂಡು ಏನ್ಮಾಡ್ಲಿ, ಸಾರ್?"

ಅವರಿಗೆ ನಗು ಬರಲಿಲ್ಲ. ಅವಳಿಗೂ ಇಲ್ಲ. ತನ್ನ ಕೈಯ ಮೇಲೇ ಅವಳಿಗೆ ಸಿಟ್ಟು ಬಂದಿತ್ತು. ಇಪ್ಪತ್ತೆರಡು ವರ್ಷ ದುಡಿದ ಕೈ, ಬೇಕಾದ ದಿನವೇ ಕೈಕೊಟ್ಟಿತ್ತು. ಅವಳು ಉಜ್ಜಿ ಕೊಟ್ಟಳು, ಅವರು ಅಳೆದರು. ಪ್ಲಸ್. ಮತ್ತೆ ಪ್ಲಸ್. ಏಳನೆಯದರ ಹೊತ್ತಿಗೆ ಅವರು ಬಾಯಿಬಿಟ್ಟು ಹೇಳುವುದನ್ನೂ ನಿಲ್ಲಿಸಿದರು. ಮಣಿಕಟ್ಟು ಜುಮುಜುಮು ಎನ್ನುತ್ತಿದ್ದರೂ ಅವಳು ನಿಲ್ಲಿಸಲಿಲ್ಲ.

ಹನ್ನೆರಡೂ ಮುಗಿದವು. ಒಂದೂ ಮೈನಸ್ ಉಳಿಯಲಿಲ್ಲ.

"ಮುಂದಿನ ಸಲ ನಿಕಲ್ ಎಷ್ಟು ಹಾಕಲಿ, ಸಾರ್?"

ಅವರು ಕರಡನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ತುರುಕಿಕೊಂಡು, ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಟುಹೋದರು.