ಲೀಲಂಡ್ ಮಾವನ ಹೊಸ ನಳಿಗೆ

ರೈಫಲಿನ ಜೊತೆಗೆ ಬಂದ ನಳಿಗೆಯನ್ನು ಕಿತ್ತು ಬೇರೆಯವರು ಮಾಡಿದ ಹೊಸದನ್ನು ಹಾಕಿಸುವ ಹುಚ್ಚು ಮೊಂಟಾನಾದ ಈ ಆಲ್ಡರ್ ಬೆಂಡ್‌ನಲ್ಲಿ ಯಾರಿಗಿಲ್ಲ? ಅದು ಒಳ್ಳೆಯದೋ ಗುಜರಿಯೋ ಎಂದು ತಿಳಿಯಲು ಮಾತ್ರ ಎಲ್ಲರೂ ಆರ್ಲಿಸ್ ಟ್ವೈಟಳ ಅಂಗಡಿಗೇ ಬರಬೇಕು. ಪೆಟ್ಟಿಗೆಯ ಮೇಲೆ ಅಚ್ಚಾದ ಹೊಗಳಿಕೆಯನ್ನು ಅವಳು ಓದುವುದೇ ಇಲ್ಲ. ಮೆತ್ತನೆಯ ಸೀಸದ ಉಂಡೆಯೊಂದನ್ನು ನಳಿಗೆಯೊಳಗಿಟ್ಟು ಸಲಾಕೆಯಿಂದ ನಿಧಾನವಾಗಿ ತಳ್ಳುತ್ತಾಳೆ. ಉಂಡೆ ಉದ್ದಕ್ಕೂ ಒಂದೇ ಬಿಗಿಯಲ್ಲಿ ಸಾಗಿದರೆ ಸರಿ. ನಡುವೆ ಜಾರಿತೋ, ತುದಿಯಲ್ಲಿ ಸಡಿಲವಾಯಿತೋ, "ಟೊಮೇಟೊ ಗಿಡಕ್ಕೆ ಆಸರೆ ಕೊಡೋಕಾಗುತ್ತೆ, ತಗೊಂಡ್ಹೋಗು" ಎಂದು ವಾಪಸು ಕೊಡುತ್ತಾಳೆ. ಮುಖ ನೋಡಿ ಮಣೆ ಹಾಕುವ ಜಾಯಮಾನ ಅವಳದಲ್ಲ.

ಅಂಥವಳೂ ಈ ಸಲದ ಬೇಟೆಯ ಹಂಗಾಮಿನಲ್ಲಿ ಇಕ್ಕಟ್ಟಿಗೆ ಸಿಕ್ಕಿಕೊಂಡಳು. ಲೀಲಂಡ್ ಅವಳ ಸೋದರಮಾವ. ತಂದೆಯಿಲ್ಲದ ಹುಡುಗಿಗೆ ಬಂದೂಕು ಹಿಡಿಯುವುದನ್ನೂ ಬಿಚ್ಚಿ ಕೂಡಿಸುವುದನ್ನೂ ಕಲಿಸಿದವನು. ವರ್ಷಗಟ್ಟಲೆ ಅರ್ಜಿ ಹಾಕಿದ ಮೇಲೆ ಕೊನೆಗೂ ಲಾಟರಿಯಲ್ಲಿ ಅವನ ಹೆಸರು ಎದ್ದು, ಮೇಲಿನ ಬೆಟ್ಟದಲ್ಲಿ ಎಲ್ಕ್ ಜಿಂಕೆ ಹೊಡೆಯಲು ಪರವಾನಗಿ ಸಿಕ್ಕಿತ್ತು. ಅದಕ್ಕೆಂದೇ ಆರ್ಲಿಸ್ ತಾನೇ ಆರಿಸಿದ ನಳಿಗೆಯನ್ನು ಅವನ ಹಳೆಯ ರೈಫಲಿಗೆ ಕೂರಿಸಿ ಕೊಟ್ಟಳು. ಆದರೆ ಮಾವ ಹೊಡೆದ ಈಡುಗಳೆಲ್ಲ ದಿಕ್ಕಿಗೊಂದರಂತೆ ಚದುರಿದವು. ಸುಮ್ಮನಿರುವ ಆಸಾಮಿಯೇ ಅವನು? ಡೋರಾಳ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಊರಿಗೆಲ್ಲ ಸಾರಿದ.

"ನಮ್ ಆರ್ಲಿಸ್ ಕೈ ಕೆಟ್ಟೋಯ್ತು ಕಣ್ರಪ್ಪ. ನಳಿಗೆ ಕೇಳಿದ್ರೆ ನೀರಿನ ಪೈಪು ಹಾಕ್ಕೊಟ್ಟವ್ಳೆ."

ಮಾತು ಕಿವಿಗೆ ಬಿದ್ದಾಗ ಅವಳ ಮೈ ಉರಿದುಹೋಯಿತು. ಅದೇ ವಾರ ನಳಿಗೆ ತೋರಿಸಲು ಬಂದ ಗಿರಾಕಿಯೊಬ್ಬ, "ಬೇಜಾರಿಲ್ದೆ ಇನ್ನೊಂದ್ಸಲ ನೋಡ್ತೀಯಾ?" ಎಂದ. ಹಿಂದೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

ಮಾವನ ರೈಫಲ್ ತರಿಸಿಕೊಂಡು ಮತ್ತೆ ಸೀಸ ತಳ್ಳಿದಳು. ಎಲ್ಲೂ ತಡೆಯಿಲ್ಲ, ಎಲ್ಲೂ ಜಾರಲಿಲ್ಲ. ಗುರಿ ನೋಡುವ ಸ್ಕೋಪಿನ ತಿರುಪುಗಳೂ ಬಿಗಿಯಾಗಿದ್ದವು. ಗುರಿಕಾಗದವೊಂದಕ್ಕೆ ತಾನೇ ಹೊಡೆದು ನೋಡಿದಳು. ಈಡುಗಳೆಲ್ಲ ಒಂದು ಕೋಟಿನ ಗುಂಡಿಯಷ್ಟು ಜಾಗದಲ್ಲಿ ಒತ್ತಾಗಿ ಬಿದ್ದವು. ತಪ್ಪು ನಳಿಗೆಯದಲ್ಲ, ಹೊಡೆಯುವವನದೆಂದು ಅವಳಿಗೆ ಹೊಳೆಯಿತು, ಹೊಳೆದು ಸಿಟ್ಟೆಲ್ಲ ಇಳಿದುಹೋಯಿತು. ಆ ಗುರಿಕಾಗದವನ್ನು ಡೋರಾಳ ಹೋಟೆಲಿನ ಗೋಡೆಗೆ ಅಂಟಿಸಿದ್ದರೆ ಅವಳ ಮರ್ಯಾದೆ ಅಂದೇ ಉಳಿಯುತ್ತಿತ್ತು. ಮಾವನದು ಮಣ್ಣುಪಾಲಾಗುತ್ತಿತ್ತು. ಕಾಗದವನ್ನು ಒಲೆಗೆ ಹಾಕಿದಳು.

ಮರುದಿನ ಬೆಳಿಗ್ಗೆ ಅವನೊಬ್ಬನನ್ನೇ ಹುಲ್ಲುಗಾವಲಿಗೆ ಕರೆದೊಯ್ದಳು.

"ಮಾವ, ತೋಟಾ ನಾನು ತುಂಬ್ತೀನಿ, ನೀವು ಹೊಡೀರಿ."

"ಯಾಕೆ, ನನ್ ಕೈಗೇನು ಲಕ್ವ ಹೊಡ್ದಿದ್ಯಾ?"

"ಇವತ್ತೊಂದಿನ ನಾನು ಹೇಳ್ದಂಗೆ ಕೇಳಿ. ನಾಳೆಯಿಂದ ಬೇಕಾದ್ರೆ ಬಯ್ಯಿರಿ."

ಒಂದೆರಡು ನಿಜವಾದ ತೋಟಾ ಕೊಟ್ಟಳು. ಆಮೇಲೆ ಅವನಿಗೆ ಹೇಳದೆ ಮದ್ದಿಲ್ಲದ್ದೊಂದನ್ನು ತುಂಬಿದಳು. ಮಾವ ಬಂದೂಕಿನ ಕುದುರೆ ಎಳೆದ. ಟಿಕ್ ಎಂದಿತಷ್ಟೇ. ಆದರೆ ಸಿಡಿಯದ ಬಂದೂಕಿಗೆ ಅವನ ಹೆಗಲು ಬೆಚ್ಚಿ ಹಿಂದಕ್ಕೆ ಹೋಯಿತು, ಕಣ್ಣು ಮುಚ್ಚಿತು, ನಳಿಗೆಯ ತುದಿ ನೆಲದ ಕಡೆ ಕುಸಿಯಿತು.

ಮಾವ ರೈಫಲನ್ನು ಕೆಳಗಿಳಿಸಿ ಹೆಗಲು ಸವರಿಕೊಂಡ.

"ಹೆಗಲು ಆಪರೇಷನ್ ಆದಾಗಿಂದ ಕಣೇ. ಬಂದೂಕು ಎಲ್ಲಿ ಹೆಗಲಿಗೆ ಒದೆಯುತ್ತೋ ಅಂತ ಹೆದ್ರಿಕೆ. ನನಗೇ ಗೊತ್ತಾಗ್ಲಿಲ್ಲ ನೋಡು." ರೈಫಲನ್ನು ಅವಳತ್ತ ಚಾಚಿದ. "ಪರವಾನಗಿ ವಾಪಸ್ ಮಾಡ್ತೀನಿ. ಪಾಪದ ಪ್ರಾಣೀನ ಅರೆಜೀವ ಮಾಡಿ ಓಡ್ಸೋಕೆ ನನ್ ಕೈಲಿ ಆಗಲ್ಲ."

"ಹಂಗಾಮು ಮುಗಿಯೋಕೆ ಇನ್ನೂ ಟೈಮಿದೆ. ಚಿಕ್ಕಂದಿನಲ್ಲಿ ನಾನೂ ಹೀಗೇ ಬೆಚ್ತಿದ್ದೆ. ಆ ಹೆದ್ರಿಕೆ ಬಿಡಿಸ್ದೋರು ಯಾರು?"

"ನಿನಗಾಗ ಎಳೇ ವಯಸ್ಸು."

"ನಿಮಗೀಗ ಹಠ ಇದೆಯಲ್ಲ, ಸಾಕು. ಸಣ್ಣ ಬಂದೂಕಿಂದ ಶುರು ಮಾಡೋಣ."

ಅಲ್ಲಿಂದ ಇಬ್ಬರೂ ಡೋರಾಳ ಹೋಟೆಲಿಗೆ ಹೋದರು. ಯಾವತ್ತಿನ ಮಂದಿಯೆಲ್ಲ ಅಲ್ಲಿದ್ದರು. ಮಾವ ಕೂರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಆರ್ಲಿಸ್ ಹಾಕಿದ ನಳಿಗೆ ಅಪ್ಪಟ ಚಿನ್ನ. ಈಡು ಹಾರೋ ಮುಂಚೆ ಬೆಚ್ಚಿ ಬೀಳ್ತಿದ್ದೋನು ನಾನು."

ಮೂಲೆಯಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. ಈ ಮಾತಾಡಿರೆಂದು ಆರ್ಲಿಸ್ ಅವನನ್ನು ಕೇಳಿರಲಿಲ್ಲ.

"ನಗ್ರಪ್ಪ, ಇವತ್ತು ನಗೋ ದಿನಾನೇ," ಎಂದು ಮಾವ ಅವಳ ಪಕ್ಕದ ಕುರ್ಚಿ ಎಳೆದುಕೊಂಡ. "ನಾಳೆ ಬೆಳಿಗ್ಗೆಯಿಂದ ಇವಳ ಹತ್ರ ಪಾಠಕ್ಕೆ ಹೋಗ್ತಿದ್ದೀನಿ."