ತಡವಾಗಿ ಉತ್ತರಿಸುವ ಪರದೆ

"ಸುಳ್ಳಲ್ಲ ಕಣಪ್ಪ! ಎಚ್ಚರಿಕೆಯ ಸಾಲಿನೊಳಗೆ ತನ್ನದೇ ವಿಳಾಸ ಬರೆದಿಟ್ಟಿದ್ದ. ಯಾರಾದ್ರೂ ಹಾಗೆ ಬರೀತಾರಾ ಅಂತ ಕೇಳ್ತೀಯ? ಅವನು ಬರೆದ. ಮೂಗು ಮುರೀಬೇಡ, ಕೇಳು." ತಾತ ಕತೆ ಶುರುಮಾಡಿದ.

ಕಂಪ್ಯೂಟರಿಗೂ ಪರದೆಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ನಡುವೆ ನಿಂತು ಇದರ ಮಾತನ್ನು ಅದಕ್ಕೆ ಮುಟ್ಟಿಸುವ ಪ್ರೋಗ್ರಾಮಿಗೆ ಗ್ರಾಫಿಕ್ಸ್ ಡ್ರೈವರ್ ಎನ್ನುತ್ತಾರೆ. ಬೀಗರ ನಡುವಿನ ದಲ್ಲಾಳಿಯ ಪಾಡು ಅದರದ್ದು. ಎಲ್ಲ ಸುಸೂತ್ರವಾಗಿದ್ದರೆ ಯಾರೂ ನೆನೆಯುವುದಿಲ್ಲ, ಕೆಟ್ಟರೆ ಮೊದಲ ಬೈಗುಳ ಅದಕ್ಕೇ.

ಅಂಥದೊಂದು ಡ್ರೈವರನ್ನು ನೋಡಿಕೊಳ್ಳುತ್ತಿದ್ದವನು ಇವನು. ಆಫೀಸಿನವರ ಬಾಯಲ್ಲಿ ಪರದೆ ಮಾವ. ಅವನ ಪಾಲಿನ ಗ್ರಾಫಿಕ್ಸ್ ಕಾರ್ಡು ಎಷ್ಟು ಹಳೆಯದೆಂದರೆ, ಅದು ಮೂಡಿಸುವ ಚಿತ್ರಗಳಿಗೆಲ್ಲ ಮೀಸೆ ನರೆತಿರುತ್ತಿತ್ತು. ಜೊತೆಗೆ ಸೇರಿದವರೆಲ್ಲ ಹೊಸ ಕಾರ್ಡುಗಳ ಕಡೆ ಹೋದರು. ಮೂಲೆಯ ಕೋಣೆಯಲ್ಲಿ ಇವನು, ಪರೀಕ್ಷೆಗೆಂದು ಇಟ್ಟ ದಪ್ಪ ಬೆನ್ನಿನ ಮಾನಿಟರುಗಳು, ಕಿರ್ರೆನ್ನುವ ಕುರ್ಚಿ ಮಾತ್ರ ಉಳಿದವು. ಮನೆಯಲ್ಲೂ ಒಂದೇ ತಟ್ಟೆ, ಒಂದೇ ಲೋಟ. ತೊಳೆದು ಬೋರಲು ಹಾಕಿದರೆ ಸಂಸಾರ ಮುಗಿಯಿತು. ಗೋಡೆಯ ಹಲ್ಲಿ ಲೊಚಗುಟ್ಟಿದರೆ "ಹೌದೌದು" ಎಂದು ಮಾತಿಗೆ ಶುರುವಿಡುತ್ತಿದ್ದ. ಕೊನೆಗೆ ಹಲ್ಲಿಯೇ ಬೇಸತ್ತು ಪಕ್ಕದ ಮನೆಗೆ ಬಿಡಾರ ಬದಲಿಸಿತು.

ಇನ್ನು ಆ ಎಚ್ಚರಿಕೆ. ಪರದೆ ಎದ್ದಾಗಲೆಲ್ಲ ಡ್ರೈವರು "ಇದ್ದೀಯಾ?" ಎಂದು ಕೇಳುತ್ತದೆ. ಕೆಲವು ಪರದೆಗಳು ತಡವಾಗಿ "ಇದ್ದೀನಿ" ಎನ್ನುತ್ತವೆ. ಯಾವುವು ಹಾಗೆ ಎಂದು ತಿಳಿಯಲು ಅವನು ಹಿಂದೆಂದೋ ಒಂದು ಸಾಲು ಸೇರಿಸಿದ್ದ: 'ಎಚ್ಚರಿಕೆ: ಪರದೆ ತಡವಾಗಿ ಉತ್ತರಿಸಿದೆ. ದಯವಿಟ್ಟು ಈ ವಿಳಾಸಕ್ಕೆ ತಿಳಿಸಿ.' ಪಕ್ಕದಲ್ಲೇ ತನ್ನ ಇಮೇಲ್. ತಡವಾದರೆ ಏನೂ ಕೆಡುವುದಿಲ್ಲ ಎಂದು ಆಮೇಲೆ ಖಾತ್ರಿಯಾಯಿತು. ಸಾಲನ್ನು ತೆಗೆಯಬಹುದಿತ್ತು. ಆದರೆ ಅಷ್ಟರಲ್ಲಿ ಇಮೇಲ್‌ಗಳು ಬರತೊಡಗಿದ್ದವು. ಬೈಯುವವರೇ ಹೆಚ್ಚು. ಬೈದರೇನು, ಹೆಸರು ಹಿಡಿದು ಬೈಯುತ್ತಿದ್ದರಲ್ಲ!

ಅವರಲ್ಲೊಬ್ಬಳು ದೂರದ ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. 'ತಿಳಿಸಿ' ಎಂದಿದೆಯಲ್ಲ, ತಿಳಿಸದಿದ್ದರೆ ತಪ್ಪಾದೀತೆಂದು ದಿನಾ ಬೆಳಿಗ್ಗೆ ಬರೆಯುತ್ತಿದ್ದಳು.

"ಸರ್, ಇವತ್ತೂ ಬಂತು. ಮೊದಲನೇ ಪೇಶೆಂಟು ಕೈ ಮುರ್ಕೊಂಡಿರೋ ಅಜ್ಜಿ. ಅಲ್ಲಾಡ್ಬೇಡಿ ಅಂದ್ರೆ ನನ್ನ ಮದುವೆ ವಿಚಾರ ತೆಗೀತಾರೆ."

"ಗಮನಕ್ಕೆ ಬಂತು ಮೇಡಂ. ಅಜ್ಜಿಗೆ ಏನಂದ್ರಿ?"

"ಉಸಿರು ಬಿಗಿ ಹಿಡೀರಿ ಅಂದೆ. ಕೈ ಎಕ್ಸ್‌ರೇಗೆ ಅದು ಬೇಕಿಲ್ಲ, ಬಾಯಿಗೆ ಬೇಕಿತ್ತು."

ಅವನು ಕಾಫಿ ಲೋಟ ಹಿಡಿದು ಒಬ್ಬನೇ ನಕ್ಕ. ಕೋಣೆಗೆ ಆ ಸದ್ದಿನ ರೂಢಿ ತಪ್ಪಿಹೋಗಿತ್ತು.

ತಂಡದ ಮುಖ್ಯಸ್ಥೆ, ವಯಸ್ಸಿನಲ್ಲಿ ಮಗಳಂಥವಳು, ಬಾಗಿಲಲ್ಲಿ ನಿಂತು ಹೇಳಿದಳು: "ಮಾವ, ಆ ಸಾಲಿನ ಬಾಯಿ ಮುಚ್ಚಿಸಿ. ಜನ ತಲೆ ತಿಂತಿದಾರೆ."

"ಇರ್ಲಿ ಬಿಡಮ್ಮ. ನಾಯಿ ಬೊಗಳಿದ್ರೆ ಮನೆಗೆ ಒಳ್ಳೇದೇ."

"ಉದುರೋ ಎಲೆಗೂ ಬೊಗಳೋ ನಾಯಿ, ಕಳ್ಳ ಬಂದಾಗ ಬೊಗಳಿದ್ರೆ ಯಾರು ಎದ್ದು ನೋಡ್ತಾರೆ?"

ಅವಳ ಮಾತು ನಿಜವೆಂದು ಅವನಿಗೂ ಗೊತ್ತಿತ್ತು. "ನಾಳೆ ಮಾಡ್ತೀನಿ" ಎಂದ. ಆ ನಾಳೆಗೆ ಕಾಲೇ ಇರಲಿಲ್ಲ.

ಒಂದು ದಿನ ಎಕ್ಸ್‌ರೇಯವಳ ಇಮೇಲ್ ಮಧ್ಯಾಹ್ನ ಬಂತು. "ಸರ್, ಪರದೆ ಕಪ್ಪಾಗೋಯ್ತು. ಮೇಜಿನ ಮೇಲೆ ಮಗು ಇತ್ತು, ಕಾಲು ಮುರಿದಿದೆ. ಅಳ್ತಿದ್ದ ಹಾಗೇ ಬೇರೆ ಆಸ್ಪತ್ರೆಗೆ ಕಳಿಸಿದೆ. ನಿಮ್ಮ ಎಚ್ಚರಿಕೆಗಳ ಮಧ್ಯೆ ಇನ್ನೇನೋ ಇತ್ತು. ಅದೂ ನಿಮ್ಮದೇ ಅಂದ್ಕೊಂಡೆ."

ಯಂತ್ರ ಬರೆದಿಟ್ಟ ಸಂದೇಶಗಳನ್ನೂ ಕಳಿಸಿದ್ದಳು. ಅವನು ಓದುತ್ತ ಹೋದ. ತನ್ನ ಸಾಲು, ಮತ್ತೆ ತನ್ನ ಸಾಲು, ಪುಟದ ತುಂಬ ತನ್ನದೇ ವಿಳಾಸ. ಆ ಗದ್ದಲದೊಳಗೆ ಒಂದು ಬಡಪಾಯಿ ಸಾಲು: 'ಎಚ್ಚರಿಕೆ: ಕಾರ್ಡು ಬಿಸಿಯೇರುತ್ತಿದೆ.' ಕಾರ್ಡಿನ ಫ್ಯಾನು ನಿಂತುಹೋಗಿತ್ತು. ಕೆಲವು ದಿನಗಳಿಂದ ಅದು ಕೂಗುತ್ತಲೇ ಇತ್ತು.

ಮತ್ತೆ ನಾಳೆ ಎನ್ನಲಿಲ್ಲ. ಫ್ಯಾನು ಬದಲಿಸುವ ಬಗೆಯನ್ನು ಅವಳಿಗೆ ಬರೆದ. ಆಮೇಲೆ ತನ್ನ ಸಾಲಿನ ಕೊನೆಗೆ ಕರ್ಸರ್ ಇಟ್ಟು ಅಳಿಸಿದ. ಮೊದಲು ವಿಳಾಸ ಹೋಯಿತು, ಆಮೇಲೆ 'ದಯವಿಟ್ಟು', ಕಡೆಗೆ 'ಎಚ್ಚರಿಕೆ'. ಹೊಸ ಡ್ರೈವರು ಎಲ್ಲ ಕಡೆಗೂ ಹೊರಟಿತು.

ಅಲ್ಲಿಂದ ಮುಂದೆ ಬೆಳಿಗ್ಗೆ ಇಮೇಲ್ ತೆರೆದರೆ ಬಿಕೋ ಎನ್ನುತ್ತಿತ್ತು. ಬೈಯುವವರೂ ಇಲ್ಲ. ಕಾಫಿ ಲೋಟದಲ್ಲೇ ಆರಿ ಕೆನೆಗಟ್ಟಿತು. ಆ ಒಂದು ಆಸ್ಪತ್ರೆಗೆ ಮಾತ್ರ ಸಾಲನ್ನು ವಾಪಸ್ ಹಾಕಿದರೆ ಯಾರಿಗೆ ತಿಳಿದೀತು? ಬೆರಳು ಕೀಲಿಮಣೆಯವರೆಗೂ ಹೋಯಿತು. ಆ ಅಳುವ ಮಗುವಿನ ನೆನಪಾಯಿತು. ಕೈ ಹಿಂದೆಗೆದು ಇಮೇಲ್ ಬರೆಯಲು ಕುಳಿತ.

"ಮೇಡಂ, ಎಚ್ಚರಿಕೆ ಇನ್ಮೇಲೆ ಬರಲ್ಲ. ನೀವು ತಿಳಿಸ್ಬೇಕಾದ್ದೂ ಏನಿಲ್ಲ." ಇಷ್ಟು ಸಲೀಸಾಗಿ ಬಂತು. ಮುಂದಿನ ವಾಕ್ಯ ಬರೆಯುವಷ್ಟರಲ್ಲಿ ಗಡ್ಡ ಬೆಳೆದು ಮೇಜಿನ ಮೇಲೆ ಸುರುಳಿ ಸುತ್ತಿತ್ತು. "ಆದ್ರೂ ತಿಳಿಸಿದ್ರೆ ಓದ್ತೀನಿ."

"ಉತ್ತರ ಬಂತಾ ಅಂತ ತಾನೆ ನಿನ್ನ ಪ್ರಶ್ನೆ?" ಅವತ್ತು ಬರಲಿಲ್ಲ. ಮರುದಿನವೂ ಇಲ್ಲ. ಅವನು ಲೋಟ ತೊಳೆದು ಬೋರಲು ಹಾಕಿದ, ಮತ್ತೆ ಬಂದು ಕಿರ್ರೆನ್ನುವ ಕುರ್ಚಿಯಲ್ಲಿ ಕಾಯುತ್ತ ಕುಳಿತ. ತಡವಾಗಿ ಉತ್ತರಿಸಿದ ಮಾತ್ರಕ್ಕೆ ಏನೂ ಕೆಟ್ಟಿರುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ತಾತಾ! ಎಲ್ಲರ ತಟ್ಟೆ ಹಾಕಾಯ್ತು, ನಿಮ್ಮೊಬ್ಬರಿಗೇ ಕಾಯ್ತಿದೀವಿ!" ಒಳಗಿನಿಂದ ಕೂಗು ಬಂತು.

ತಾತ ಕೂತಿದ್ದ ಹಳೇ ಕುರ್ಚಿ ಕಿರ್ರೆಂದಿತು. "ಬಂದೆ, ಬಂದೆ. ಏಳಪ್ಪ, ನೀನೂ ಕೈ ತೊಳ್ಕೋ."